ಸಾವಿರ ಕೊಂಬೆ, ಹವಳ ಒಂದೇ

ಆರನೆಯ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಪತ್ರ ಬರೆದಿದ್ದಾಳೆ. ಅವಳ ಅಜ್ಜಿಯ ಕರಿಮಣಿ ಸರದಲ್ಲಿ ಎರಡು ಹವಳದ ಮಣಿಗಳಿವೆಯಂತೆ. ಅದು ಸಮುದ್ರದ ಪ್ರಾಣಿ ಕಟ್ಟಿದ್ದು ಎಂದು ಅಣ್ಣ ಹೇಳುತ್ತಾನೆ. ಮುತ್ತು, ಮಾಣಿಕ್ಯದ ಹಾಗೆ ಹವಳವೂ ಒಂದು ರತ್ನ, ಅಂದರೆ ಕಲ್ಲು ಎಂದು ಅಜ್ಜಿ ವಾದಿಸುತ್ತಾರೆ. "ಯಾರು ಗೆದ್ದರು ಹೇಳಿ" ಎಂದು ಪತ್ರದ ಕೊನೆಗೆ ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದಾಳೆ.

ಅಣ್ಣ ಗೆದ್ದ. ಆದರೆ ಅಜ್ಜಿಯೂ ಪೂರಾ ಸೋತಿಲ್ಲ. ಕೈಗೆ ಸಿಗುವ ಮಣಿ ಸುಣ್ಣದ್ದೇ, ಕಲ್ಲಿನಷ್ಟೇ ಗಟ್ಟಿ. (ಅಜ್ಜಿ ಹೆಸರಿಸಿದ ಮುತ್ತು ಕೂಡ ಪ್ರಾಣಿಯಿಂದಲೇ ಬಂದದ್ದು. ಅದನ್ನು ಅಣ್ಣನಿಗೆ ಹೇಳಬೇಡ, ಅವನು ಇನ್ನಷ್ಟು ಮೆರೆಯುತ್ತಾನೆ.) ಆಭರಣದ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ, ಬೆಳಕು ಕಡಿಮೆ ಇರುವ ಜಾಗಗಳಲ್ಲಿ ಬೆಳೆಯುವ ಒಂದು ಬಗೆ. ನಾನು ಇವತ್ತು ಹೇಳಹೊರಟಿರುವುದು ಅದರ ನೆಂಟರ ಕಥೆ. ಬಿಸಿಲು ಬೀಳುವ ಬೆಚ್ಚಗಿನ ನೀರಿನಲ್ಲಿ ದಿಬ್ಬಗಳನ್ನೇ ಕಟ್ಟುವ ಹವಳಗಳ ಕಥೆ.

ಇಂಥ ಹವಳಗಳು ನಮ್ಮಿಂದ ದೂರವೇನಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪದ ಸುತ್ತ ಇವೆ. ಲಕ್ಷದ್ವೀಪವಂತೂ ಹವಳವೇ ಕಟ್ಟಿದ ನೆಲ. ಮಂಗಳೂರಿನ ಹಿರಿಯರಿಗೆ ನೆನಪಿರಬಹುದು, ಆ ದ್ವೀಪಗಳಲ್ಲಿ ಕೆಲವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಭೂಮಿಯ ಸಮುದ್ರತಳದಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲದ ಈ ದಿಬ್ಬಗಳಲ್ಲಿ ಕಡಲಿನ ಜೀವಜಾತಿಗಳ ಸುಮಾರು ಕಾಲು ಭಾಗ ಬದುಕುತ್ತದೆ. ದಿಬ್ಬವಿದ್ದರೆ ದೊಡ್ಡ ಅಲೆಗಳ ಬಲ ಅಲ್ಲೇ ಮುರಿಯುತ್ತದೆ, ದಡದ ಮನೆಗಳು ಉಳಿಯುತ್ತವೆ.

ಹವಳದ ಪ್ರಾಣಿ ಎಂದರೆ ಎಷ್ಟು ದೊಡ್ಡದು ಎಂದುಕೊಂಡಿರಿ? ನಾನು ಹೇಳುವ ಬಗೆಯಲ್ಲಿ ಅದು ಸಾಸಿವೆ ಕಾಳಿನಷ್ಟು. ಒಂದು ಪುಟ್ಟ ಚೀಲ, ಅದಕ್ಕೊಂದು ಬಾಯಿ, ಬಾಯಿಯ ಸುತ್ತ ಬೆರಳಿನಂಥ ಕುಡಿಗಳು. ಹೆಸರು ಪಾಲಿಪ್. ತನ್ನ ಬುಡದಲ್ಲಿ ಸುಣ್ಣದ ಬಟ್ಟಲು ಕಟ್ಟಿಕೊಂಡು ಕೂರುತ್ತದೆ. ಪಕ್ಕದಲ್ಲಿ ತನ್ನಂಥದೇ ಇನ್ನೊಂದನ್ನು ಮೊಳೆಯಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಸಾವಿರಾರು ಪಾಲಿಪ್‌ಗಳು ಅಂಟಿಕೊಂಡು ಬೆಳೆದದ್ದೇ ನಮಗೆ ಕಾಣುವ 'ಗಿಡ'. ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಿನಲ್ಲಿ ಅದು ಅಡುಗೆ ಮಾಡಿ, ಬಾಡಿಗೆಯಾಗಿ ಸಕ್ಕರೆ ಕೊಡುತ್ತದೆ. ಹವಳದ ಹೊಟ್ಟೆ ತುಂಬುವುದು ಹೆಚ್ಚಾಗಿ ಅದರಿಂದಲೇ, ಬಣ್ಣವೂ ಬಹುಮಟ್ಟಿಗೆ ಅದರದ್ದೇ. ನೀರು ತುಂಬ ಬಿಸಿಯಾಗಿ ಹಾಗೇ ವಾರಗಟ್ಟಲೆ ಉಳಿದರೆ ಈ ಸಂಸಾರ ಒಡೆಯುತ್ತದೆ. ಪಾಚಿ ಹೊರಗೆ ಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು. ಇಲ್ಲದಿದ್ದರೆ ಉಪವಾಸ ಬಿದ್ದು ಸಾಯುತ್ತದೆ.

ಇಷ್ಟು ಪಾಠ ಸಾಕು. ಈಗ ಅಮೆರಿಕದ ಫ್ಲಾರಿಡಾಕ್ಕೆ ಹೋಗೋಣ. ಅಷ್ಟು ದೂರ ಯಾಕೆಂದರೆ, ಅಲ್ಲಿನ ಒಂದು ಜಾತಿಯ ಹವಳದ ಮೇಲೆ ವಿಜ್ಞಾನಿಗಳು ಎಷ್ಟು ಕಣ್ಣಿಟ್ಟಿದ್ದಾರೆಂದರೆ, ಯಾವ ಹವಳ ಯಾವ ಮನೆತನದ್ದು ಎಂದು ದಾಖಲೆ ಬರೆದಿಟ್ಟಿದ್ದಾರೆ. ನಮ್ಮ ಊರಿನ ಶ್ಯಾನುಭೋಗರು ಹಿಂದೆ ಖಾತೆ ಬರೆದಿಡುತ್ತಿದ್ದ ಹಾಗೆ.

ಆ ಹವಳದ ಹೆಸರು ಎಲ್ಕ್‌ಹಾರ್ನ್. ಎಲ್ಕ್ ಎಂಬ ಭಾರಿ ಜಿಂಕೆಯ ಕೊಂಬಿನ ಹಾಗೆ ಅಗಲವಾಗಿ ಕವಲೊಡೆಯುತ್ತದೆ. ನಾವು ಕೊಂಬು ಹವಳ ಎನ್ನೋಣ. ಅಲೆ ಹೊಡೆಯುವ ಆಳವಿಲ್ಲದ ನೀರಿನಲ್ಲಿ ಆಳೆತ್ತರಕ್ಕೆ ಬೆಳೆಯುತ್ತದೆ. ವರ್ಷಕ್ಕೆ ಐದರಿಂದ ಹತ್ತು ಸೆಂಟಿಮೀಟರ್. ಹವಳಗಳ ಲೆಕ್ಕದಲ್ಲಿ ಇದು ಓಟದ ವೇಗ.

ಕೊಂಬು ಹವಳ ಹೆಚ್ಚಾಗುವುದಕ್ಕೆ ಎರಡು ದಾರಿ. ಒಂದು, ಮುರಿಯುವುದು. ಚಂಡಮಾರುತ ಬಂದಾಗ ಕೊಂಬೆಗಳು ಮುರಿದು ಪಕ್ಕದಲ್ಲಿ ಬೀಳುತ್ತವೆ. ಬಿದ್ದಲ್ಲೇ ಬಂಡೆಗೆ ಅಂಟಿಕೊಂಡು ಬೆಳೆಯುತ್ತವೆ. ಹೀಗೆ ನೂರಾರು ವರ್ಷ ನಡೆದರೆ ದಿಬ್ಬದ ತುಂಬ ದಟ್ಟ ಕಾಡು. ಆದರೆ ಆ ಕಾಡಿನಲ್ಲಿ ಇರುವುದು ಎಷ್ಟು ಹವಳ? ಲೆಕ್ಕಕ್ಕೆ ಸಾವಿರ. ವಂಶದ ಲೆಕ್ಕದಲ್ಲಿ ಒಂದೇ. ಪ್ರತಿ ಕೊಂಬೆಯೊಳಗೂ ಅದೇ ವಂಶವಾಹಿ, ಅಂದರೆ ಅಪ್ಪ-ಅಮ್ಮನಿಂದ ಬರುವ ಅದೇ ಸೂಚನೆಗಳ ಪಟ್ಟಿ, ಅಕ್ಷರ ಅಕ್ಷರವೂ ಅದೇ.

ಹಿತ್ತಿಲಲ್ಲಿ ಬಾಳೆ ಇರುವ ಮನೆಯವರಿಗೆ ಇದು ಹೊಸದಲ್ಲ. ಬಾಳೆಯ ಬುಡದಲ್ಲಿ ಎದ್ದ ಕಂದು ಕಿತ್ತು ಪಕ್ಕದಲ್ಲಿ ನೆಡುತ್ತೀರಿ. ಅದು ತಾಯಿಯ ಮಗಳಲ್ಲ, ತಾಯಿಯೇ. ನಂಜನಗೂಡಿನ ರಸಬಾಳೆ ಹೀಗೆ ಕಂದಿನಿಂದ ಕಂದಿಗೆ ತಲೆಮಾರುಗಳ ಕಾಲ ಬಂತು, ರುಚಿ ಒಂದಿಷ್ಟೂ ಕೆಡಲಿಲ್ಲ. ಆಮೇಲೆ ಪನಾಮಾ ಸೊರಗು ರೋಗ ಬಂದಾಗ ತೋಟಕ್ಕೆ ತೋಟವೇ ಹೋಯಿತು. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಪಕ್ಕದ ಗಿಡಕ್ಕೂ ಇಲ್ಲ, ಏಕೆಂದರೆ ಅದು ಬೇರೆ ಗಿಡವೇ ಅಲ್ಲ. ಆ ಹಣ್ಣಿನ ರುಚಿ ಕಂಡ ಅಜ್ಜಂದಿರು ಇದನ್ನು ನನಗಿಂತ ಚೆನ್ನಾಗಿ ಹೇಳಿಯಾರು.

ಎರಡನೆಯ ದಾರಿ ಮದುವೆಯದು. ಅದರಷ್ಟು ಸೊಗಸಾದ್ದು ಸಮುದ್ರದಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಕೊಂಬು ಹವಳಕ್ಕೆ ಕಾಲಿಲ್ಲ, ಹುಡುಕಿಕೊಂಡು ಹೋಗಲಾರದು. ಅದಕ್ಕೇ ಎಲ್ಲವೂ ಒಂದು ಮುಹೂರ್ತ ಇಟ್ಟುಕೊಂಡಿವೆ. ಹೆಚ್ಚಾಗಿ ಆಗಸ್ಟ್ ತಿಂಗಳ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳು, ಸೂರ್ಯ ಮುಳುಗಿ ಕೆಲವು ಗಂಟೆಯ ನಂತರ. ಕತ್ತಲಲ್ಲಿ ಒಂದೊಂದು ಪಾಲಿಪ್‌ನ ಬಾಯಿಂದಲೂ ಒಂದು ಪುಟ್ಟ ಗುಂಡು ಹೊರಬರುತ್ತದೆ. ಅದರಲ್ಲಿ ಅಂಡವೂ ಇದೆ, ವೀರ್ಯಾಣುವೂ ಇದೆ. ಸಾವಿರಾರು ಗುಂಡುಗಳು ಮೇಲಕ್ಕೆ ತೇಲುತ್ತವೆ, ಮಳೆ ತಿರುಗುಮುರುಗಾಗಿ ಸುರಿದ ಹಾಗೆ. ನೀರಿನ ಮೇಲೆ ಒಡೆದು, ಒಂದು ಹವಳದ ಅಂಡ ಇನ್ನೊಂದರ ವೀರ್ಯಾಣುವನ್ನು ಸೇರಿದರೆ ಮರಿ. ಅದು ಕೆಲವು ದಿನ ತೇಲಿ, ಒಳ್ಳೆಯ ಬಂಡೆ ಸಿಕ್ಕರೆ ಕೂತು ಸುಣ್ಣ ಕಟ್ಟತೊಡಗುತ್ತದೆ. ಆ ಮರಿ ತಾಯಿಯ ನಕಲಲ್ಲ, ತಂದೆಯ ನಕಲೂ ಅಲ್ಲ. ಲೋಕದಲ್ಲಿ ಹಿಂದೆ ಇಲ್ಲದಿದ್ದ ಹೊಸ ಹವಳ.

ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಕೊಂಬು ಹವಳದ ಅಂಡ ತನ್ನದೇ ವೀರ್ಯಾಣುವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮಲ್ಲಿ ಸಗೋತ್ರ ಕೂಡದು ಎನ್ನುತ್ತಾರಲ್ಲ, ಅದಕ್ಕಿಂತ ಬಿಗಿ. ಹಾಗಾದರೆ ಒಂದೇ ಹವಳದ ತುಂಡುಗಳಿಂದಾದ ಆ ದಟ್ಟ ಕಾಡಿನಲ್ಲಿ ಏನಾಗಬೇಕು? ಆಗಸ್ಟ್ ರಾತ್ರಿ ಲಕ್ಷಾಂತರ ಗುಂಡುಗಳು ಮೇಲೇಳುತ್ತವೆ. ಮದುವೆಮನೆಗೆ ಎಲ್ಲರೂ ಬಂದಿದ್ದಾರೆ, ಎಲ್ಲರೂ ವರನ ಕಡೆಯವರೇ. ಬೆಳಗಾಗುವಷ್ಟರಲ್ಲಿ ಎಲ್ಲ ವ್ಯರ್ಥ.

ಇಲಿಯಾನಾ ಬಾಮ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕೆರಿಬಿಯನ್ ಸಮುದ್ರದ ಉದ್ದಗಲಕ್ಕೂ ಕೊಂಬು ಹವಳದ ಚೂರುಗಳನ್ನು ಸಂಗ್ರಹಿಸಿ ವಂಶವಾಹಿ ಓದಿದರು. ಪೂರ್ವದ ಹವಳಗಳು ಒಂದು ಬಳಗ, ಪಶ್ಚಿಮದವು ಇನ್ನೊಂದು ಎಂದು ಗೊತ್ತಾಯಿತು. ಪಶ್ಚಿಮದ ಬಳಗದಲ್ಲಿ ತದ್ರೂಪಿಗಳೇ ಹೆಚ್ಚು. ಫ್ಲಾರಿಡಾದ ಕೆಲವು ದಿಬ್ಬಗಳಲ್ಲಂತೂ ಇಡೀ ಕಾಡಿಗೆ ಒಂದೇ ಹವಳ. ಅದೇ ತಂಡ 2016ರಲ್ಲಿ ಇನ್ನೊಂದು ವಿಷಯ ಹೇಳಿತು. ಇವುಗಳಲ್ಲಿ ಕೆಲವು ಹವಳಗಳ ವಯಸ್ಸು 5,000 ವರ್ಷಕ್ಕೂ ಹೆಚ್ಚು ಇರಬಹುದಂತೆ! ಹರಪ್ಪಾ ನಗರಗಳು ತಲೆಯೆತ್ತುವ ಮೊದಲೇ ಹುಟ್ಟಿದ ಒಂದು ಮರಿ ಮುರಿಯುತ್ತ, ಬೆಳೆಯುತ್ತ, ಮುರಿಯುತ್ತ ಇವತ್ತಿಗೆ ಬಂದಿದೆ. ಆದ್ದರಿಂದ ತದ್ರೂಪಿಯಾಗಿ ಬದುಕುವುದು ದಡ್ಡತನ ಎಂದು ನಾನು ಹೇಳುವುದಿಲ್ಲ. ಐದು ಸಾವಿರ ವರ್ಷ ಅದು ಗೆದ್ದಿದೆ.

ಮತ್ತೆ ತೊಂದರೆ ಎಲ್ಲಿ? ಅದಕ್ಕೊಂದು ಆಟವಿದೆ. ಅಜ್ಜ ಅಥವಾ ಅಜ್ಜಿಯನ್ನು ಕರೆದು ಕೂರಿಸಿಕೊಳ್ಳಿ. ಇಪ್ಪತ್ತು ಚೀಟಿ ಹರಿದು ಎಲ್ಲದರ ಮೇಲೂ 'ಕ' ಬರೆಯಿರಿ. ಇದು ಒಂದು ದಿಬ್ಬ. ಇನ್ನಿಪ್ಪತ್ತು ಚೀಟಿಗಳಲ್ಲಿ ನಾಲ್ಕಕ್ಕೆ ಕ, ನಾಲ್ಕಕ್ಕೆ ಚ, ಹಾಗೆಯೇ ಟ, ತ, ಪ. ಇದು ಎರಡನೆಯ ದಿಬ್ಬ. ಈಗ ಐದು ಅಕ್ಷರಗಳ ಐದು ಚೀಟಿ ಬೇರೆ ಮಡಚಿ ಅಜ್ಜನಿಂದ ಒಂದು ಎತ್ತಿಸಿ. ಅದು ಆ ವರ್ಷದ ರೋಗ. ಆ ಅಕ್ಷರದ ಹವಳಗಳೆಲ್ಲ ಸಾಯುತ್ತವೆ. ಅಜ್ಜ 'ಪ' ಎತ್ತಿದರೆ ಎರಡನೆಯ ದಿಬ್ಬದಲ್ಲಿ ನಾಲ್ಕು ಸತ್ತವು, ಮೊದಲನೆಯ ದಿಬ್ಬಕ್ಕೆ ಏನೂ ಆಗಲಿಲ್ಲ. 'ಕ' ದಿಬ್ಬದವರು ಚಪ್ಪಾಳೆ ಹೊಡೆಯುತ್ತಾರೆ. ಪ್ರತಿ ಆಟದ ನಂತರ ಉಳಿದ ಚೀಟಿಗಳ ನಕಲು ಬರೆದು ಇಪ್ಪತ್ತು ತುಂಬಿಸಿ. ಎತ್ತಿದ ರೋಗದ ಚೀಟಿಯನ್ನು ಮತ್ತೆ ಒಳಗೆ ಹಾಕಿ, ಆಡುತ್ತ ಹೋಗಿ. ಒಂದಲ್ಲ ಒಂದು ಸಲ 'ಕ' ಬಂದೇ ಬರುತ್ತದೆ. ಆವತ್ತು ಮೊದಲನೆಯ ದಿಬ್ಬದಲ್ಲಿ ನಕಲು ಬರೆಯಲು ಒಂದು ಚೀಟಿಯೂ ಉಳಿಯುವುದಿಲ್ಲ. ಎರಡನೆಯ ದಿಬ್ಬವನ್ನೂ ಗಮನಿಸಿ. ಹೊಸ ಅಕ್ಷರ ಒಂದೂ ಸೇರದಿದ್ದರೆ ಅದರ ಅಕ್ಷರಗಳೂ ಒಂದೊಂದಾಗಿ ಖಾಲಿಯಾಗುತ್ತ ಬರುತ್ತವೆ. ಹೊಸ ಅಕ್ಷರ ಬರಬೇಕಾದರೆ ಆಗಸ್ಟ್ ರಾತ್ರಿಯ ಮದುವೆ ನಡೆಯಬೇಕು.

ಫ್ಲಾರಿಡಾದಲ್ಲಿ ಚೀಟಿಗಳು ಬೇಗ ಬೇಗ ಎದ್ದವು. 1970ರ ದಶಕದ ಕೊನೆಯಿಂದ ಬಿಳಿಪಟ್ಟಿ ರೋಗ ಕೆರಿಬಿಯನ್ ತುಂಬ ಹಬ್ಬಿತು. 1983ರಲ್ಲಿ, ದಿಬ್ಬದ ಮೇಲಿನ ಪಾಚಿಯನ್ನು ಮೇಯ್ದು ಚೊಕ್ಕಟವಾಗಿಡುತ್ತಿದ್ದ ಕಪ್ಪು ಮುಳ್ಳುಚೆಂಡಿನಂಥ ಪ್ರಾಣಿಗಳು ಸಾಮೂಹಿಕವಾಗಿ ಸಾಯತೊಡಗಿದವು. ಬಿಸಿ ಬೇಸಿಗೆಗಳು ಒಂದರ ಹಿಂದೆ ಒಂದು ಬಂದವು. 2006ರಲ್ಲಿ ಅಮೆರಿಕ ಸರ್ಕಾರ ಕೊಂಬು ಹವಳವನ್ನೂ ಅದರ ತಂಗಿ ಸ್ಟ್ಯಾಗ್‌ಹಾರ್ನ್ ಹವಳವನ್ನೂ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಜನ ಸುಮ್ಮನೆ ಕೂರಲಿಲ್ಲ. ಸಮುದ್ರದೊಳಗೇ ನರ್ಸರಿ ಮಾಡಿದರು. ಪಿ.ವಿ.ಸಿ. ಪೈಪಿನ 'ಮರ' ಕಟ್ಟಿ ನೀರಿನಲ್ಲಿ ತೇಲಿಬಿಟ್ಟು, ಅದರ ಕೊಂಬೆಗಳಿಗೆ ಹವಳದ ತುಂಡುಗಳನ್ನು ಮೀನು ಹಿಡಿಯುವ ದಾರದಲ್ಲಿ ನೇತುಹಾಕಿದರು, ನಾವು ತಂತಿಯ ಮೇಲೆ ಬಟ್ಟೆ ಒಣಹಾಕುವ ಹಾಗೆ. ತುಂಡು ದೊಡ್ಡದಾದ ಮೇಲೆ ದಿಬ್ಬಕ್ಕೆ ಒಯ್ದು ಅಂಟಿಸುವುದು. ಸಾವಿರಾರು ತುಂಡುಗಳನ್ನು ಹೀಗೆ ನೆಟ್ಟರು. ವಿಜ್ಞಾನಿಗಳು ಆಗ ಒಂದು ಮಾತು ಸೇರಿಸಿದರು: ನೆಟ್ಟ ತುಂಡುಗಳನ್ನು ಎಣಿಸಿದರೆ ಸಾಲದು, ಎಷ್ಟು ಬೇರೆ ಬೇರೆ ತಾಯಿ ಹವಳಗಳಿಂದ ಬಂದವು ಎಂದೂ ಎಣಿಸಿ. 2009ರ ಒಂದು ಅಧ್ಯಯನದ ಲೆಕ್ಕ ನನಗೆ ಬಹಳ ಹಿಡಿಸಿತು. ಅಲ್ಲಲ್ಲಿಂದ ಆರಿಸಿದ 10ರಿಂದ 35 ತಾಯಿ ಹವಳಗಳಿದ್ದರೆ ಒಂದು ಪ್ರದೇಶದ ವಂಶವಾಹಿ ವೈವಿಧ್ಯದ ಅರ್ಧದಿಂದ ಹಿಡಿದು ಶೇಕಡಾ 90ಕ್ಕಿಂತ ಹೆಚ್ಚಿನವರೆಗೂ ಉಳಿಸಿಕೊಳ್ಳಬಹುದು. ಅಂದರೆ ಸಾವಿರಾರು ಬೇಕಿಲ್ಲ, ಬೇರೆ ಬೇರೆಯವು ಬೇಕು. ನರ್ಸರಿಗಳಲ್ಲಿ ಪ್ರತಿ ವಂಶಕ್ಕೂ ಒಂದು ಗುರುತು ಕೊಟ್ಟು, ಪಕ್ಕಪಕ್ಕದಲ್ಲಿ ಬೇರೆ ವಂಶಗಳನ್ನೇ ನೆಡುವ ಪದ್ಧತಿ ಬಂತು. ವಧುವಿನ ಕಡೆಯವರೂ ಮದುವೆಗೆ ಬರಲಿ ಎಂದು.

ಆಮೇಲೆ 2023ರ ಬೇಸಿಗೆ ಬಂತು. ಜುಲೈ 24ರಂದು ಫ್ಲಾರಿಡಾದ ಮ್ಯಾನಟೀ ಕೊಲ್ಲಿಯ ಅಳತೆಯಂತ್ರ 38.4 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಅದು ದಡದ ಆಳವಿಲ್ಲದ ನೀರು. ಹವಳದ ದಿಬ್ಬಗಳ ಮೇಲೆ ಅಷ್ಟು ಬಿಸಿ ಇರಲಿಲ್ಲ. ಆದರೂ ಹವಳ ತಾಳುವ ಮಿತಿಯನ್ನು ದಾಟಿ, ವಾರಗಟ್ಟಲೆ ಹಾಗೇ ನಿಂತಿತು. ನರ್ಸರಿಯವರು ಹಗಲು ರಾತ್ರಿ ಮುಳುಗಿ ಸಾವಿರಾರು ತುಂಡುಗಳನ್ನು ಕಿತ್ತು, ತಂಪುಪೆಟ್ಟಿಗೆಗಳಲ್ಲಿ ದಡಕ್ಕೆ ತಂದು ತೊಟ್ಟಿಗಳಲ್ಲಿಟ್ಟರು. ಪ್ರವಾಹ ಬಂದಾಗ ಮೊದಲು ಮಕ್ಕಳನ್ನು ದಾಟಿಸುತ್ತಾರಲ್ಲ, ಹಾಗೆ ಇಲ್ಲಿ ಪ್ರತಿ ವಂಶದ ಒಂದಾದರೂ ತುಂಡು ದಡ ಸೇರಲಿ ಎಂಬ ಆತುರ.

ಸಮುದ್ರದಲ್ಲೇ ಉಳಿದವುಗಳ ಲೆಕ್ಕ 2025ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 391 ಜಾಗಗಳಲ್ಲಿ 52,000ಕ್ಕೂ ಹೆಚ್ಚು ಕೊಂಬು ಮತ್ತು ಸ್ಟ್ಯಾಗ್‌ಹಾರ್ನ್ ಹವಳಗಳನ್ನು ನೋಡಿದ್ದರು. ಫ್ಲಾರಿಡಾ ಕೀಸ್ ಮತ್ತು ಡ್ರೈ ಟಾರ್ಟುಗಾಸ್ ಎಂಬಲ್ಲಿ ನೂರಕ್ಕೆ 98ರಿಂದ 100 ಸತ್ತಿದ್ದವು. ಸ್ವಲ್ಪ ತಂಪಿದ್ದ ಆಗ್ನೇಯ ಕರಾವಳಿಯಲ್ಲಿ ಸತ್ತದ್ದು ನೂರಕ್ಕೆ ಸುಮಾರು 38. ಈ ಎರಡೂ ಹವಳಗಳು ಫ್ಲಾರಿಡಾದಲ್ಲಿ 'ಕಾರ್ಯತಃ ಅಳಿದಿವೆ' ಎಂದು ಲೇಖಕರು ಬರೆದರು. ಹಾಗೆಂದರೆ, ಅಲ್ಲೊಂದು ಇಲ್ಲೊಂದು ಬದುಕಿರಬಹುದು, ಆದರೆ ದಿಬ್ಬ ಕಟ್ಟುವ ತಮ್ಮ ಕೆಲಸ ಮಾಡುವಷ್ಟು ಅವು ಉಳಿದಿಲ್ಲ.

ಇದನ್ನು ಮಕ್ಕಳಿಗೆ ಹೇಳಬೇಕೇ ಬೇಡವೇ ಎಂದು ಯೋಚಿಸಿ, ಹೇಳಲೇಬೇಕು ಎಂದು ತೀರ್ಮಾನಿಸಿದೆ. ಏಕೆಂದರೆ ವೈವಿಧ್ಯ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಬರೆದರೆ ಸುಳ್ಳಾಗುತ್ತದೆ. ಬೇರೆ ಬೇರೆ ವಂಶಗಳನ್ನು ಆರಿಸಿ ನೆಟ್ಟ ಜಾಗಗಳಲ್ಲೂ ಹವಳಗಳು ಸತ್ತವು. ಫ್ಲಾರಿಡಾದ ಮನೆತನಗಳೆಲ್ಲ ಸೇರಿದರೂ ಆ ಬಿಸಿಗೆ ಉತ್ತರ ಅವರ ಹತ್ತಿರ ಇರಲಿಲ್ಲ. ಸಮುದ್ರ ಬಿಸಿಯಾಗುವುದನ್ನು ನಿಲ್ಲಿಸದೆ ಹವಳ ಉಳಿಸುತ್ತೇವೆ ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಆದರೆ ಫ್ಲಾರಿಡಾದವರ ಹತ್ತಿರ ಇಲ್ಲದ್ದು ಬೇರೆಯವರ ಹತ್ತಿರ ಇದ್ದರೆ? ಬಿಸಿ ತಾಳುವ ಗುಣ ಮಕ್ಕಳಿಗೆ ಬರುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಮಹಾ ಹವಳ ದಿಬ್ಬ ಎಷ್ಟು ಉದ್ದವೆಂದರೆ ಉತ್ತರದ ತುದಿಯಲ್ಲಿ ನೀರು ಬಿಸಿ, ದಕ್ಷಿಣಕ್ಕೆ ಬಂದಂತೆ ತಂಪು. ಬಿಸಿ ನೀರಿನ ಹವಳವನ್ನೂ ತಂಪು ನೀರಿನ ಅದೇ ಜಾತಿಯ ಹವಳವನ್ನೂ ಕೂಡಿಸಿ ಮರಿ ಮಾಡಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಿಸಿ ನೀರಿನ ತಂದೆತಾಯಿ ಇದ್ದ ಮರಿಗಳಿಗೆ ಬಿಸಿಯಲ್ಲಿ ಬದುಕುವ ಸಾಧ್ಯತೆ ಹತ್ತು ಪಟ್ಟಿನವರೆಗೂ ಹೆಚ್ಚು. ತಾಯಿ ಬಿಸಿ ನೀರಿನವಳಾದರೆ ಲಾಭ ಇನ್ನೂ ಚೆನ್ನ.

ಕೊಂಬು ಹವಳಕ್ಕೂ ದೂರದ ಸಂಬಂಧ ಹುಡುಕುವ ಪ್ರಯತ್ನ 2018ರಲ್ಲೇ ನಡೆದಿತ್ತು. ಸ್ಮಿತ್‌ಸೋನಿಯನ್ ಸಂಸ್ಥೆಯ ಮೇರಿ ಹೇಗಡಾರ್ನ್ ಹವಳದ ವೀರ್ಯಾಣುವನ್ನು ದ್ರವ ಸಾರಜನಕದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಹೆಪ್ಪುಗಟ್ಟಿಸಿಡುವ ವಿದ್ಯೆ ಬೆಳೆಸಿದವರು. ನಮ್ಮ ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯ ಇಡುವ ಕ್ಯಾನ್ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ಹೆಪ್ಪುಗಟ್ಟಿದ ಫ್ಲಾರಿಡಾ ಮತ್ತು ಪೋರ್ಟೊರಿಕೊದ ವೀರ್ಯಾಣುವನ್ನು ವೆನೆಜುವೆಲಾ ಪಕ್ಕದ ಕುರಸಾವೊ ದ್ವೀಪಕ್ಕೆ ಒಯ್ದು ಅಲ್ಲಿನ ಹವಳದ ಅಂಡಗಳ ಜೊತೆ ಸೇರಿಸಿದರು. ತಾವಾಗಿ ಎಂದೂ ಭೇಟಿಯಾಗಲಾರದ ಗಂಡುಹೆಣ್ಣು! ಮರಿಗಳು ಹುಟ್ಟಿದವು, ಫ್ಲಾರಿಡಾದ ತೊಟ್ಟಿಗಳಲ್ಲಿ ಬೆಳೆದವು.

ಸಮುದ್ರಕ್ಕೆ ಹೊರಗಿನವರನ್ನು ಬಿಡುವುದು ಬೇರೆಯೇ ಮಾತು. ದೂರದ ಹವಳದ ಜೊತೆ ಹೊಸ ರೋಗ ಬಂದರೆ? ಇನ್ನೊಂದು ಪ್ರಶ್ನೆ ನನಗೆ ಇನ್ನೂ ತೂಕದ್ದು ಎನಿಸುತ್ತದೆ. 2010ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಅಪರೂಪದ ಚಳಿ ಬಿದ್ದು ಹವಳಗಳು ರಾಶಿ ರಾಶಿ ಸತ್ತಿದ್ದವು. ಬಿಸಿ ಊರಿನಿಂದ ಬಂದ ಹವಳಕ್ಕೆ ಬಿಸಿ ಗೊತ್ತು, ಫ್ಲಾರಿಡಾದ ಚಳಿ ಗೊತ್ತಿಲ್ಲ. ಹಾಗಾಗಿ ಹೊರಗಿನ ಹವಳವನ್ನೇ ತಂದು ನೆಡುವುದಕ್ಕಿಂತ ಸ್ಥಳೀಯ ಹವಳದ ಜೊತೆ ಕೂಡಿಸಿ, ಎರಡೂ ಕಡೆಯ ಗುಣ ಇರುವ ಮರಿ ಮಾಡುವುದು ಜಾಣತನ. ಊರಿನ ಹವಳ ದಡದ ತೊಟ್ಟಿಯಲ್ಲಿ ಬದುಕಿ ಉಳಿದಿದ್ದರೆ ಮಾತ್ರ ಇದು ಸಾಧ್ಯ. 2023ರಲ್ಲಿ ಮುಳುಗಿ ಮುಳುಗಿ ತಂದ ತುಂಡುಗಳ ಬೆಲೆ ಈಗ ಗೊತ್ತಾಯಿತೇ?

ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ಟೇಲಾ ಎಂಬ ಊರಿದೆ. ಅಲ್ಲಿನ ಕೊಲ್ಲಿಯ ನೀರು ಬಿಸಿ, ಮೇಲಾಗಿ ಕದಡಿದ್ದು. ಹವಳಕ್ಕೆ ಒಗ್ಗದ ಜಾಗ ಎಂದು ಪುಸ್ತಕ ನೋಡಿದವರು ಹೇಳುತ್ತಾರೆ, ಆದರೆ ಕೊಂಬು ಹವಳ ಅಲ್ಲಿ ಸೊಂಪಾಗಿದೆ. 2024ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಆಂಡ್ರ್ಯೂ ಬೇಕರ್ ಅವರ ತಂಡ ಅಲ್ಲಿಂದ ಕೆಲವು ತುಂಡುಗಳನ್ನು ವಿಮಾನದಲ್ಲಿ ಫ್ಲಾರಿಡಾಕ್ಕೆ ತಂದಿತು. ಫ್ಲಾರಿಡಾ ಅಕ್ವೇರಿಯಂನ ತೊಟ್ಟಿಗಳಲ್ಲಿ ಅವು ಗುಂಡುಗಳನ್ನು ಬಿಟ್ಟವು. ಫ್ಲಾರಿಡಾದ ಹವಳದ ಜೊತೆ ಅವುಗಳ ಮದುವೆ ಆಯಿತು. ಹುಟ್ಟಿದ ಮರಿಗಳಿಗೆ ಫ್ಲಾರಿಡಾ, ಹೊಂಡುರಾಸ್ ಎರಡೂ ಹೆಸರು ಸೇರಿಸಿ 'ಫ್ಲೊಂಡುರನ್' ಎಂದು ಕರೆದರು. ಅಡ್ಡಹೆಸರು ಇಡುವುದರಲ್ಲಿ ವಿಜ್ಞಾನಿಗಳು ನಮ್ಮ ಹಳ್ಳಿಯವರಿಗೆ ಕಡಿಮೆಯಿಲ್ಲ.

2025ರ ಜುಲೈನಲ್ಲಿ ಸರ್ಕಾರದ ಅನುಮತಿ ಪಡೆದು ಈ ಮರಿಗಳಲ್ಲಿ ಕೆಲವನ್ನು ಮಯಾಮಿ ಹತ್ತಿರದ ದಿಬ್ಬಕ್ಕೆ ಅಂಟಿಸಿದರು. ಮೀನುಗಳು ಕಚ್ಚಿ ತಿನ್ನದಂತೆ ಸುತ್ತ ಸಿಮೆಂಟಿನ ರಕ್ಷಣೆ ಕಟ್ಟಿದರು. ಪಕ್ಕದಲ್ಲೇ ಅಪ್ಪ-ಅಮ್ಮ ಇಬ್ಬರೂ ಫ್ಲಾರಿಡಾದವರಾದ ಮರಿಗಳನ್ನೂ ನೆಟ್ಟಿದ್ದಾರೆ, ಬಿಸಿ ಬೇಸಿಗೆ ಬಂದಾಗ ಯಾರು ಹೇಗೆ ತಾಳುತ್ತಾರೆ ಎಂದು ಹೋಲಿಸಿ ನೋಡಲು. ನೆಟ್ಟಾಗ ಅವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಆಗಸ್ಟ್ ಹುಣ್ಣಿಮೆಯ ನಂತರ ತಾವೂ ಗುಂಡುಗಳನ್ನು ಬಿಡುವಷ್ಟು ಬೆಳೆಯಲು ಅವಕ್ಕೆ ಇನ್ನೂ ಕೆಲವು ವರ್ಷ ಬೇಕು.